ಬಚ್ಚಲ ನೀರು, ಬೇವಿನ ಬೇರು

ಬೆಳಗಿನ ಚಹಾ ಹಿಡಿದು ಹಿತ್ತಲಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಚ್ಚಲ ಮೂಲೆಯ ಬಿರುಕು. ಕಿಟಕಿಯ ಕೆಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬುನಾದಿ ಮುಟ್ಟಿದೆ. ಬೇಸಿಗೆಯಲ್ಲಿ ನಾಣ್ಯ ತೂರುವಷ್ಟು ಬಾಯಿ ಬಿಡುತ್ತದೆ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ತುಟಿ ಮುಚ್ಚುತ್ತದೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಎರೆ ಹೊಲ ಕಂಡವರಿಗೆ ಇದು ಹೊಸದಲ್ಲ. ಏಪ್ರಿಲ್‌ನಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದ ನೆಲ ಮುಂಗಾರು ಕುಡಿದು ಉಬ್ಬುತ್ತದೆ. ಹತ್ತಿಗೆ ಒಗ್ಗುವ ಮಣ್ಣು ಮನೆಗೆ ಒಗ್ಗದು. ಅದಕ್ಕೇ ಬುನಾದಿಯಲ್ಲಿ ಎರೆ ತೆಗೆದು ಗರಸು ತುಂಬುವುದು.

ಆದರೂ ನಾನು ತಪ್ಪನ್ನೆಲ್ಲ ಹಿತ್ತಲ ಬೇವಿನ ಮರದ ಮೇಲೆ ಹೊರಿಸಿ, ಕಡಿಸಿಬಿಡೋಣವೆಂದು ಗೌಂಡಿಯನ್ನು ಕರೆಸಿದ್ದೆ. ಆತ ಗೋಡೆಯ ಗುಂಟ ಎರಡು ಅಡಿ ಅಗೆದ. ಹೆಬ್ಬೆರಳು ಗಾತ್ರದ ಬೇರೊಂದು ಬುನಾದಿಯ ಪಕ್ಕದಲ್ಲೇ ಹಾಯ್ದು, ಬಚ್ಚಲ ಪೈಪಿನ ಸೀಳಿನೊಳಗೆ ಕೂದಲಿನ ಜಡೆಯಂತೆ ನುಗ್ಗಿತ್ತು. ಸುತ್ತ ಹಸಿ ಮಣ್ಣು, ಸಾಬೂನಿನ ವಾಸನೆ. "ಬ್ಯಾರು ತಾನಾಗಿ ಬಂದಿಲ್ರಿ ಅಕ್ಕಾರ, ನೀವ ನೀರು ಕೊಟ್ಟು ಕರದೀರಿ" ಅಂದ.

ಬೇರು ಗೋಡೆಯನ್ನು ದೂಡಿರಲಿಲ್ಲ, ನೆಲದ ನೀರು ಕುಡಿದಿತ್ತು. ಬೇಸಿಗೆಯಲ್ಲಿ ಮರ ಹೀರಿದ ಕಡೆ ಎರೆ ಒಣಗಿ ಕುಗ್ಗುತ್ತದೆ, ಪೈಪು ಸೋರುವ ಕಡೆ ಹಸಿಯಾಗೇ ಇರುತ್ತದೆ. ನಡುವೆ ಗೋಡೆ ಸೀಳುತ್ತದೆ. ಸಿಟ್ಟಿನಲ್ಲಿ ಮರ ಕಡಿದರೆ ಕುಡಿಯುವವರಿಲ್ಲದ ನೀರು ಮಣ್ಣಲ್ಲೇ ಉಳಿದು, ಬರಬರುತ್ತ ನೆಲ ಉಬ್ಬಿ ಗೋಡೆ ಎತ್ತೀತು. ಬುಡದ ಹತ್ತಿರವೇ ದಪ್ಪ ಬೇರು ಕಡಿದರೆ ಆಷಾಢದ ಗಾಳಿಗೆ ಮರ ಮನೆಯ ಮೇಲೇ ಬಿದ್ದೀತು. ಸವಣೂರಿನ ಮೂರು ದೊಡ್ಡಹುಣಸೆ (ಬಾವೊಬಾಬ್) ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಬುಡಸಮೇತ ಉರುಳಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟರು. ಅಂಥ ಆನೆಗಾತ್ರದ ಮರಕ್ಕೂ ನಿಲ್ಲಲು ನೆಲದ ಹಿಡಿತ ಬೇಕು.

ಹಾಗೆಂದು ಬೇರು ಗೋಡೆಯನ್ನು ದೂಡುವುದೇ ಇಲ್ಲವೆಂದಲ್ಲ. ಬ್ಯಾಡಗಿಯಲ್ಲಿ ತಂಗಿಯ ಮನೆಯ ಮಾಳಿಗೆ ಗೋಡೆಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅರಳಿ ಹುಟ್ಟಿತ್ತು. ಎರಡೆಲೆ ಇದ್ದಾಗ ಉಗುರಿಗೆ ಬರುತ್ತಿತ್ತು. ದೇವರ ಗಿಡವೆಂದು ಯಾರೂ ಮುಟ್ಟಲಿಲ್ಲ. ಈಗ ಕಲ್ಲೇ ಸರಿದಿದೆ. ಹಿರಿಯರಿಗೆ ಅರಳಿಯ ಮೇಲೆ ಭಕ್ತಿ ಕಡಿಮೆಯೇನೂ ಇರಲಿಲ್ಲ. ಆದರೂ ಕಟ್ಟೆ ಕಟ್ಟಿದ್ದು ಊರ ಬಯಲಲ್ಲಿ. ಗೋಡೆಯ ಬಗಲಿಗೆ ಕರಿಬೇವು, ದಾಸವಾಳ ಸಾಕು ಅಂದುಕೊಂಡಿದ್ದರು.

ಗೌಂಡಿ ಒಡೆದ ಪೈಪು ಬದಲಿಸಿ, ನೀರನ್ನು ಮರದ ಆಚೆ ಬದಿಗೆ ಹರಿಸಿದ. ಪೈಪಿಗೆ ನುಗ್ಗಿದ್ದ ಆ ಒಂದು ಬೇರನ್ನು ಮಾತ್ರ, ಬುಡದಿಂದ ದೂರದಲ್ಲಿ, ಗರಗಸದಿಂದ ನಯವಾಗಿ ಕೊಯ್ದ. ಬಿರುಕಿಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದ. "ಎರಡು ಮಳಿಗಾಲ ನೋಡ್ರಿ, ಆಮ್ಯಾಲೆ ಗಿಲಾವ್ ಮಾಡೂಣು."

ಇವತ್ತೂ ಗೆರೆ ನೋಡಿದೆ, ಕದಲಿಲ್ಲ. ರಾತ್ರಿ ಕೊಡದಲ್ಲಿ ಉಳಿದಿದ್ದ ನೀರನ್ನು ಬಚ್ಚಲಿಗೆ ಚೆಲ್ಲಹೋದವಳು ನಾಲ್ಕು ಹೆಜ್ಜೆ ಮುಂದೆ ನಡೆದು ಬೇವಿನ ಆಚೆ ಬದಿಗೆ ಸುರಿದು ಬಂದೆ. ಬೇರು ಮನೆಯ ಕಡೆ ತಿರುಗಿದ್ದೂ ಇಂಥ ಒಂದು ಕೊಡದಿಂದಲೇ ಇರಬೇಕು.