ಅರುಂಧತಿಯ ಮನೆಯಲ್ಲಿ ಆರು ಮಂದಿ

ಯುಗಾದಿ ಮುಗಿದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಲ್ಯಾಣ ಮಂಟಪಗಳಿಗೆ ಬಿಡುವಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಕ್ಕಿಕಾಳು ಬಿದ್ದು, ಉಳಿದ ಶಾಸ್ತ್ರಗಳೂ ಮುಗಿಯುತ್ತ ಬಂದಾಗ ಭಟ್ಟರು ಮದುಮಕ್ಕಳನ್ನು ಹೊರಗೆ ಕರೆದು ಆಕಾಶಕ್ಕೆ ಬೆರಳು ಮಾಡುತ್ತಾರೆ. ‘ಅರುಂಧತಿ ಕಂಡ್ಲೇನವಾ?’ ಎಂದು ಹಿರಿಯರೊಬ್ಬರು ಕೇಳುತ್ತಾರೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮದುಮಗಳು ‘ಹೂಂರೀ’ ಅನ್ನುತ್ತಾಳೆ. ಕಂಡಿರುವುದಿಲ್ಲ. ಗೃಹ್ಯಸೂತ್ರಗಳಲ್ಲಿ ಇದು ಹೊತ್ತು ಮುಳುಗಿದ ಮೇಲಿನ ಶಾಸ್ತ್ರ. ಅದನ್ನು ಹಗಲಿಗೆ ತಂದು ನಾವು ಕಳೆದುಕೊಂಡದ್ದು ಸಣ್ಣದಲ್ಲ.

ಅದೇ ದಿನ ರಾತ್ರಿ ಹತ್ತರ ಸುಮಾರಿಗೆ ಮಾಳಿಗೆ ಹತ್ತಿದರೆ ಸಾಕು. ಮೇ ತಿಂಗಳಲ್ಲಿ ಸಪ್ತರ್ಷಿ ಮಂಡಲ ಉತ್ತರದ ಆಕಾಶದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಬಾಲದ ತುದಿಯಿಂದ ಎರಡನೆಯ ಚುಕ್ಕಿ ವಸಿಷ್ಠ. ಅದರ ಮಗ್ಗುಲಲ್ಲಿ ಮಂಕಾಗಿ ಕಾಣುವುದು ಅರುಂಧತಿ. ಪೇಟೆಯ ದೀಪ ದಾಟಿ ಕಬ್ಬಿನ ಹೊಲಕ್ಕೋ, ಬೀಳಗಿ ಕಡೆಯ ಕೃಷ್ಣೆಯ ಹಿನ್ನೀರಿನ ದಂಡೆಗೋ ಹೋದರೆ ಬರಿಗಣ್ಣಿಗೇ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಆ ಬೆಳಕು ಅಲ್ಲಿಂದ ಹೊರಟು 80 ವರ್ಷ ದಾಟಿದೆ. ಅದು ಹೊರಟಾಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು.

ನಾವು ಗಂಡ-ಹೆಂಡತಿ ಎಂದು ತೋರಿಸುವ ಈ ಇಬ್ಬರು ನಿಜಕ್ಕೂ ಆರು ಮಂದಿ. ವಸಿಷ್ಠ ಒಂದಲ್ಲ, ಎರಡು ಎಂಬುದು 1617ರಲ್ಲೇ ಇಟಲಿಯ ಕ್ಯಾಸ್ಟೆಲ್ಲಿ ಮತ್ತು ಗೆಲಿಲಿಯೊ ಅವರಿಗೆ ದೂರದರ್ಶಕದಲ್ಲಿ ಕಂಡಿತ್ತು. 1889ರಲ್ಲಿ ಅಮೆರಿಕದ ಪಿಕರಿಂಗ್ ಇನ್ನೂ ಸೋಜಿಗದ ಸುದ್ದಿ ಕೊಟ್ಟರು. ಆ ಎರಡರಲ್ಲಿ ಹೆಚ್ಚು ಹೊಳೆಯುವ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೆಗೆದ ಫೋಟೋಗಳಲ್ಲಿ, ಒಂದು ಕಪ್ಪು ಗೆರೆ ಕೆಲವು ರಾತ್ರಿ ಒಂಟಿಯಾಗಿ, ಕೆಲವು ರಾತ್ರಿ ಜೋಡಿಯಾಗಿ ಮೂಡಿತ್ತು. ನಕ್ಷತ್ರ ನಮ್ಮತ್ತ ಬರುವಾಗ ಅದರ ಗೆರೆ ನೀಲಿಯ ಕಡೆ ಸರಿಯುತ್ತದೆ, ದೂರ ಸರಿಯುವಾಗ ಕೆಂಪಿನ ಕಡೆ. ಗೆರೆ ಎರಡಾಯಿತೆಂದರೆ ಅಲ್ಲಿ ಇಬ್ಬರಿದ್ದಾರೆ, ಒಬ್ಬ ಬರುತ್ತಿದ್ದಾನೆ, ಇನ್ನೊಬ್ಬ ಹೋಗುತ್ತಿದ್ದಾನೆ. ಇಪ್ಪತ್ತೂವರೆ ದಿನಕ್ಕೊಮ್ಮೆ ಇವರ ಒಂದು ಸುತ್ತು. ಅಂದಿನ ಯಾವ ದೂರದರ್ಶಕಕ್ಕೂ ಬಿಡಿಸಲಾಗದ ಜೋಡಿ ಹೀಗೆ ಗೆರೆಯಿಂದ ಸಿಕ್ಕಿದ್ದು ಲೋಕದಲ್ಲೇ ಮೊದಲು. ಮಂಕಾದ ಇನ್ನೊಂದು ನಕ್ಷತ್ರವೂ ಜೋಡಿಯೇ ಎಂದು 1908ರಲ್ಲಿ ತಿಳಿಯಿತು.

ಅರುಂಧತಿಯನ್ನು ಮಾತ್ರ ಬಹುಕಾಲ ಒಂಟಿ ಎಂದೇ ನಂಬಿದ್ದರು. ಅವಳ ಪಕ್ಕದಲ್ಲೂ ಒಂದು ಸಣ್ಣ ಕೆಂಪು ನಕ್ಷತ್ರವಿರುವುದು ಪತ್ತೆಯಾದದ್ದು 2009ರಲ್ಲಿ. ಕಣ್ಣಿಗೆ ಇಷ್ಟು ಹತ್ತಿರ ಕಂಡರೂ ವಸಿಷ್ಠ-ಅರುಂಧತಿಯರ ನಡುವೆ ಕಡಿಮೆಯೆಂದರೂ ಕಾಲು ಜ್ಯೋತಿರ್ವರ್ಷದ ಅಂತರವಿದೆ. ಆದರೂ ಆರೂ ಒಂದೇ ಬಳಗ, ಒಟ್ಟಿಗೇ ಸಾಗುತ್ತಿವೆ. ಪತಿವ್ರತೆಯ ಕತೆಯೊಂದನ್ನೇ ಹೇಳಿ ಮದುಮಕ್ಕಳನ್ನು ಒಳಗೆ ಕಳಿಸಿಬಿಡುವುದು ನನಗೆ ಸಾಲದೆನಿಸುತ್ತದೆ.

ವಸಿಷ್ಠ ಎರಡಾಗುವುದನ್ನು ನೋಡಲು ಮೂರು ಅಂಗುಲದ ಸಣ್ಣ ದೂರದರ್ಶಕ ಸಾಕು. ವಿಜ್ಞಾನ ಕಲಿಸುವ ಮೇಷ್ಟ್ರುಗಳು ಮದುವೆಯ ರಾತ್ರಿ ಅಂಥದ್ದೊಂದನ್ನು ಮಂಟಪದ ಮಾಳಿಗೆಗೆ ತಂದಿಟ್ಟರೆ, ಮೊದಲು ಮದುಮಕ್ಕಳು ನೋಡಲಿ, ಆಮೇಲೆ ಬೀಗರು, ಊಟ ಮುಗಿಸಿ ಬಂದ ಓಣಿಯ ಹುಡುಗರು.