ತಿಥಿ ಬಲ್ಲೆವು, ಇಸವಿ?

ವೆಸ್ಟ್ ಮಾಂಬಲಂನಲ್ಲಿ ನೆರೆಹೊರೆಯ ತಮಿಳು ಬಾಂಧವರು ತೈ ಅಮಾವಾಸ್ಯೆಯ ತರ್ಪಣ ಬಿಡುವ ದಿನ, ಕನ್ನಡ ಮನೆಗಳಲ್ಲಿ ಪುರಂದರದಾಸರ ಆರಾಧನೆ. ಅವರ ತೈ ಅಮಾವಾಸ್ಯೆಯೇ ನಮ್ಮ ಪುಷ್ಯ ಬಹುಳ ಅಮಾವಾಸ್ಯೆ. ಊರು ಬಿಟ್ಟು ಬಂದರೂ ನಾವು ಆ ತಿಥಿಯನ್ನು ಬಿಟ್ಟಿಲ್ಲ. ಆದರೆ ದಾಸರು ಯಾವ ಇಸವಿಯಲ್ಲಿ ಹರಿಪಾದ ಸೇರಿದರೆಂದು ಮಕ್ಕಳು ಕೇಳಿದರೆ, ಪುಸ್ತಕದಲ್ಲಿರುವ ‘1484–1564’ ಎಂಬುದನ್ನು ಓದಿ ಹೇಳಿ ಸುಮ್ಮನಾಗುತ್ತೇವೆ. ಈ ಅಂಕಿಗಳು ಎಲ್ಲಿಂದ ಬಂದುವೆಂದು ವಿಚಾರಿಸುವುದು ಭಕ್ತಿಗೆ ಕುಂದೇ?

ದಾಸಪರಂಪರೆ ನಮಗೆ ಉಳಿಸಿಕೊಟ್ಟಿರುವುದು ಇಸವಿಯನ್ನಲ್ಲ. ತಿಥಿಯನ್ನು, ಅದರೊಡನೆ ‘ರಕ್ತಾಕ್ಷಿ’ ಎಂಬ ಸಂವತ್ಸರದ ಹೆಸರನ್ನು. ಸಂವತ್ಸರದ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1504, 1564, 1624 – ಮೂರು ಬಾರಿಯೂ ಯುಗಾದಿಗೆ ಬಂದುದು ರಕ್ತಾಕ್ಷಿಯೇ. ಕೃಷ್ಣದೇವರಾಯನ (1509–29) ಕಾಲದಲ್ಲಿ ಬೆಳಗಿ 1539ರಲ್ಲಿ ಬೃಂದಾವನಸ್ಥರಾದ ವ್ಯಾಸರಾಯರ ಶಿಷ್ಯರಿಗೆ ಮೊದಲನೆಯದು ತೀರ ಹಿಂದಾಯಿತು, ಕೊನೆಯದು ತೀರ ಮುಂದಾಯಿತು. ನಡುವಿನದೇ ಹೊಂದುತ್ತದೆ.

ಆದರೆ ಪುಷ್ಯ ಹತ್ತನೆಯ ಮಾಸ. 1564ರ ಯುಗಾದಿಗೆ ಹುಟ್ಟಿದ ರಕ್ತಾಕ್ಷಿಯಲ್ಲಿ ಪುಷ್ಯ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಲೆಕ್ಕದಲ್ಲಿ ಹೊಸ ವರ್ಷ ಬಂದಿರುತ್ತದೆ. ಆ ಅಮಾವಾಸ್ಯೆ ಬೀಳುವುದು, ಅಂದಿನ ಜೂಲಿಯನ್ ಗಣನೆಯಂತೆ, 1565ರ ಜನವರಿ 2ರಂದು. ವಿಜಯನಗರವನ್ನು ಮುರಿದ ರಕ್ಕಸತಂಗಡಿಯ ಯುದ್ಧಕ್ಕೆ ಕೇವಲ ಮೂರು ವಾರ ಮೊದಲು. 1564ರ ಜನವರಿ ಹಿಂದಿನ ರುಧಿರೋದ್ಗಾರಿ ಸಂವತ್ಸರಕ್ಕೆ ಸೇರಿದ್ದು. ಆದರೂ ನಾಲ್ಕುನೂರನೆಯ ಪುಣ್ಯತಿಥಿಯ ಅಂಚೆಚೀಟಿ ಹೊರಬಂದದ್ದು 1964ರ ಜನವರಿ 14ರಂದು. ಇನ್ನು 1484? ದಾಸರು ಎಂಬತ್ತು ವರ್ಷ ಬಾಳಿದರೆಂಬ ನಂಬಿಕೆಯನ್ನು 1564ರಿಂದ ಕಳೆದರೆ ಸಿಗುವ ಅಂಕಿ ಅದು.

ಒಂದು ವರ್ಷ ಅತ್ತಿತ್ತಾದರೆ ದೇವರನಾಮದ ಸವಿ ಕಡಿಮೆಯಾಗುವುದೇ ಎಂದು ಕೇಳಬಹುದು. ಖಂಡಿತ ಇಲ್ಲ. ಆದರೆ ಬದುಕಿರುವವರ ಬಗ್ಗೆ ತಪ್ಪು ಹೇಳಿದರೆ ಅವರೇ ತಿದ್ದುತ್ತಾರೆ, ಅಗಲಿದವರು ತಿದ್ದಲಾರರು. ಎದುರು ಹೇಳಲಾರದವರ ವಿಷಯದಲ್ಲಿ ನಾಲಗೆ ಹೆಚ್ಚು ಎಚ್ಚರವಾಗಿರಬೇಕಾದುದು ಧರ್ಮವಲ್ಲವೇ? ಊಹೆಯನ್ನು ಊಹೆಯೆಂದೂ ನಂಬಿಕೆಯನ್ನು ನಂಬಿಕೆಯೆಂದೂ ಹೇಳುವುದರಿಂದ ದಾಸರು ಚಿಕ್ಕವರಾಗುವುದಿಲ್ಲ.

ಹಾಗೆಂದು, ಶಾಸನವಿಲ್ಲ, ಕಾಗದವಿಲ್ಲ ಎಂದು ಪರಂಪರೆಯ ಮಾತನ್ನೇ ತಳ್ಳಿಹಾಕುವುದೂ ನ್ಯಾಯವಲ್ಲ. ಶಾಸನಗಳು ದೊರೆಗಳ ದಾನದತ್ತಿಗಳನ್ನು ಬರೆದಿಟ್ಟವು; ಗೋಪಾಳಬುಟ್ಟಿ ಹಿಡಿದು ಬೀದಿಯಲ್ಲಿ ಹಾಡಿಕೊಂಡು ಹೋದವರ ಜಾತಕವನ್ನು ಯಾರು ಕಲ್ಲಿನಲ್ಲಿ ಕೆತ್ತಿಸುತ್ತಾರೆ? ತಿಥಿಯನ್ನು ಕಾಪಾಡಿದ್ದು ವರ್ಷ ವರ್ಷವೂ ದೀಪ ಹಚ್ಚಿದ ಮನೆಗಳು. ಅದೂ ಒಂದು ಬಗೆಯ ದಾಖಲೆಯೇ. ಅದು ನೆನಪಿನ ದಿನವನ್ನು ಹೇಳುತ್ತದೆ. ಇಸವಿಯನ್ನು ಅದರ ಬಾಯಿಂದ ಬಲವಂತವಾಗಿ ಹೇಳಿಸಬಾರದು ಅಷ್ಟೆ.

ಈ ಪ್ರಶ್ನೆ ದಾಸರೊಬ್ಬರದಲ್ಲ, ನಮ್ಮ ಮನೆಗಳದ್ದೂ ಹೌದು. ಮುತ್ತಜ್ಜನ ಶ್ರಾದ್ಧದ ತಿಥಿ ಗೊತ್ತು, ಅವರು ಹೋದ ವರ್ಷ ಗೊತ್ತಿಲ್ಲ. ಅಜ್ಜನ ಜನ್ಮದಿನ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು. ಮಕ್ಕಳಿಗೋ ತಾರೀಖು ಗೊತ್ತು, ತಿಥಿ ತಿಳಿಯದು. ಇವೆರಡನ್ನೂ ಬಲ್ಲ ಹಿರಿಯರು ಇರುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ: ತಿಥಿ, ಮಾಸ, ಸಂವತ್ಸರ, ತಿಳಿದಿದ್ದರೆ ಇಸವಿ. ಪಕ್ಕದಲ್ಲಿ, ಹೇಳಿದವರು ಯಾರೆಂಬುದನ್ನೂ ಬರೆಯೋಣ. ತಿಳಿಯದ ಕಡೆ ಜಾಗ ಖಾಲಿ ಬಿಡೋಣ. ಆ ಖಾಲಿ ಜಾಗ ನಾಚಿಕೆಯದಲ್ಲ. ಮುಂದೆ ಹುಡುಕುವವರಿಗೆ ಅದೇ ದಾರಿ.