ಒಂದು ದಿನಕ್ಕೆ ನೋಡಿದ ಊರು

'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೋಕರ್ಣದ ಪೂಜೆಗೆ ಕೈಯಲ್ಲಿ ದುಡ್ಡು ಬೇಕು, ಯಾಣದ ಕಾಡು ಹತ್ತುವುದಕ್ಕೆ ಮೈಯಲ್ಲಿ ಕಸುವು ಬೇಕು. ಈಗ ಅಷ್ಟೊಂದು ಕಷ್ಟವಿಲ್ಲ. ಶಿರಸಿಯಲ್ಲಿ ಬೆಳಿಗ್ಗೆ ದೋಸೆ ತಿಂದು ಕಾರು ಹತ್ತಿದರೆ ಸಹಸ್ರಲಿಂಗ, ಯಾಣ ಎರಡನ್ನೂ ಮುಗಿಸಿ ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಬಂದವರು 'ಅದೆಲ್ಲ ನೋಡಿ ಆಯಿತು' ಎನ್ನುತ್ತಾರೆ. ಆ 'ಆಯಿತು' ಎಂಬ ಮಾತಿನ ಮೇಲೆ ನನಗೊಂದು ತಕರಾರಿದೆ.

ತಕರಾರು ಹುಟ್ಟಿದ್ದು ಊರಲ್ಲಲ್ಲ, ಸ್ಪೇನಿನಲ್ಲಿ. ಸಿದ್ದಾಪುರದ ಕಡೆಯವಳಾದ ನಾನು ಓದಿಗೆಂದು ಕೆಲವು ತಿಂಗಳು ಸೆವಿಲ್ ನಗರದಲ್ಲಿದ್ದೆ. ಅಲ್ಲಿನ ವಿದ್ಯಾರ್ಥಿಗಳೆಲ್ಲ ರಜೆಯ ಒಂದು ದಿನ ರೋಂಡಾಕ್ಕೆ ಹೋಗಿಬರುತ್ತಾರೆ, ನಾನೂ ಹೋದೆ. ಊರನ್ನು ಎರಡಾಗಿ ಸೀಳಿದ ಆಳವಾದ ಕಣಿವೆ, ತಳದಲ್ಲಿ ಗ್ವಾದಲೆವಿನ್ ಎಂಬ ಸಣ್ಣ ಹೊಳೆ, ಮೇಲೆ 98 ಮೀಟರ್ ಎತ್ತರದ ಕಲ್ಲಿನ ಸೇತುವೆ. ಅದು ಮುಗಿದದ್ದು 1793ರಲ್ಲಿ. ಹೆಸರು ಮಾತ್ರ ಇಂದಿಗೂ 'ಹೊಸ ಸೇತುವೆ'. ಅದಕ್ಕೂ ಮುಂಚೆ 1735ರಲ್ಲಿ ಕಟ್ಟಿದ್ದ ಸೇತುವೆ ಆರೇ ವರ್ಷಕ್ಕೆ ಕುಸಿದು ಸುಮಾರು 50 ಜನ ಸತ್ತಿದ್ದರಂತೆ. ಸೇತುವೆಯ ಮೇಲೆ ತರಕಾರಿ ಚೀಲ ಹಿಡಿದ ಮುದುಕರೊಬ್ಬರು ನಿಂತಿದ್ದರು. ಮುಂದೆ ಯಾರೋ ಫೋಟೊ ತೆಗೆಯುತ್ತಿದ್ದರು, ಅದು ಮುಗಿಯಲೆಂದು ಕಾಯುತ್ತಿದ್ದರು. ಸಿಟ್ಟೇನೂ ಇರಲಿಲ್ಲ. ಮಳೆ ನಿಲ್ಲಲೆಂದು ಜಗಲಿಯಲ್ಲಿ ಕಾಯುವವರ ಮುಖದಂತಿತ್ತು ಅವರ ಮುಖ. ಆ ಮುಖ ನನಗೆ ಹೊಸದಲ್ಲ. ಉಂಚಳ್ಳಿ ಜಲಪಾತದ ದಾರಿ ಕೇಳಲು ಕಾರು ನಿಂತಾಗಲೆಲ್ಲ ನಮ್ಮ ಅಮ್ಮಮ್ಮನ ಮುಖ ಹಾಗೇ ಆಗುತ್ತಿತ್ತು. ದಾರಿ ಹೇಳಿ, ಕಾರು ಹೋದ ಮೇಲೆ, 'ಅಲ್ಲೆಂತ ಇದ್ದು ನೋಡಲೆ? ನೀರು ಬೀಳ್ತು, ಅಷ್ಟೇಯ' ಎನ್ನುತ್ತಿದ್ದರು.

ಅಘನಾಶಿನಿ 116 ಮೀಟರ್ ಧುಮುಕುವ ಜಾಗ ಅದು. ಹಳೆಯ ಪುಸ್ತಕಗಳಲ್ಲಿ ಲಷಿಂಗ್ಟನ್ ಫಾಲ್ಸ್ ಎಂದಿದೆ. ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ 1845ರಲ್ಲಿ ಅದನ್ನು 'ಕಂಡುಹಿಡಿದ' ಎನ್ನುತ್ತಾರೆ. ಸುತ್ತಲಿನವರು ಮಾತ್ರ ಅದನ್ನು ಕೆಪ್ಪ ಜೋಗ ಎನ್ನುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ಅದರ ಸದ್ದಿನ ಮುಂದೆ ಪಕ್ಕದವರ ಮಾತೂ ಕೇಳುವುದಿಲ್ಲ. ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ನೋಡಿದವನಿದ್ದಾನೆ, ಜಲಪಾತವಿಲ್ಲ. ಇನ್ನೊಂದರಲ್ಲಿ ಜಲಪಾತವಿದೆ, ನೋಡಿದವರು ಯಾರೆಂಬುದೇ ಇಲ್ಲ. ಬಂದು ಹೋಗುವವನಿಗೂ ಇರುವವನಿಗೂ ವ್ಯತ್ಯಾಸ ಇಷ್ಟೇ ಎಂದು ಇಲ್ಲಿಗೇ ನಿಲ್ಲಿಸಿದ್ದರೆ ನನಗೂ ಖುಷಿ, ನಮ್ಮ ಊರಿನವರಿಗೂ ಖುಷಿ.

ಆದರೆ ಅಮ್ಮಮ್ಮನ ಮಾತೂ ಪೂರ್ತಿ ಸರಿ ಎನ್ನಲಾರೆ. ಆ ನೀರಿನ ಸದ್ದು ಕೇಳುತ್ತಲೇ ಬದುಕಿದವರು ಜಲಪಾತಕ್ಕೆ ಹೋದದ್ದು ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ. ಕೊಟ್ಟಿಗೆ, ತೋಟ, ಸೊಪ್ಪಿನ ಬೆಟ್ಟ ಅಂತ ಇರುವವರಿಗೆ ನೋಡುವ ಪುರಸೊತ್ತು ಎಲ್ಲಿ? ದಿನಾ ಕಾಣುವುದನ್ನು ಕಣ್ಣು ಬಿಟ್ಟು ನೋಡುವುದಿಲ್ಲ. ಇದು ಸೋಮಾರಿತನವಲ್ಲ, ಬದುಕಿನ ರೀತಿ. ರೋಂಡಾದ ಆ ಮುದುಕರೂ ಕಣಿವೆಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಹಾಗಾದರೆ ಊರಿಗೆ ಯಾರ ಕಣ್ಣು ಬೇಕು? ನಮ್ಮ ಸೀಮೆಯ ಇತಿಹಾಸದಲ್ಲಿ ಇದಕ್ಕೆ ಒಂದೇ ಉತ್ತರ ಸಿಗುವುದಿಲ್ಲ. ಮಲೆನಾಡಿನ ಮರಗಳು ಲಾರಿ ಹತ್ತುವುದನ್ನು ಇಲ್ಲಿನವರು ವರ್ಷಗಟ್ಟಲೆ ಕಂಡಿದ್ದರು. ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣ ಹಿಮಾಲಯದ ಕಡೆಯಿಂದ ಬಂದು ಮಾತಾಡಿ ಹೋದರು. ಅವರೂ ನೆಂಟರ ಹಾಗೆ ಬಂದು ಹೋದವರೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಿನ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಹುಟ್ಟಿದ್ದು ಹಾಗೆ. ಹೊರಗಿನವರ ಮಾತು ಒಳಗಿನವರ ಕಣ್ಣು ತೆರೆಸಿತು. ಆದರೆ ಮರ ಅಪ್ಪಿಕೊಂಡು ನಿಂತವರು ಮರುದಿನವೂ ಅಲ್ಲೇ ಇರಬೇಕಾದವರು.

ಇನ್ನೊಂದು ಕಣ್ಣೂ ಇದೆ. ಮಾಗೋಡಿನಲ್ಲಿ ಬೇಡ್ತಿ ಧುಮುಕುವುದನ್ನು ನೋಡಿ ಒಬ್ಬ 'ಆಹಾ' ಎಂದರೆ ಇನ್ನೊಬ್ಬ 'ಇಷ್ಟು ನೀರು ಸುಮ್ಮನೆ ಸಮುದ್ರಕ್ಕೆ ಹೋಗುತ್ತಿದೆಯಲ್ಲ' ಎನ್ನುತ್ತಾನೆ. ಬೇಡ್ತಿ ಜಲವಿದ್ಯುತ್ ಯೋಜನೆಯ ಬೇರು ಈ ಎರಡನೆಯ ಮಾತಿನಲ್ಲಿದೆ. ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ಅದನ್ನು ಘೋಷಣೆಯಿಂದಷ್ಟೇ ಎದುರಿಸಲಿಲ್ಲ. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ ಕೂರಿಸಿದರು. ಮುಳುಗುವ ಕಾಡು, ತೋಟಗಳನ್ನು ಬರುವ ಕರೆಂಟಿನ ಎದುರು ಇಟ್ಟು ಲೆಕ್ಕ ಹಾಕಿದರು. ಯೋಜನೆ ಆಗ ನಿಂತಿತು. ಆ ವಿಜ್ಞಾನಿಗಳಲ್ಲೂ ಹಲವರು ಬಂದು ಹೋದವರೇ, ಆದರೆ ಕೇಳಿ ತಿಳಿದುಕೊಂಡು ಹೋದವರು.

ಆದ್ದರಿಂದ ಒಂದು ದಿನಕ್ಕೆ ಬರುವವರ ಮೇಲೆ ನನಗೆ ಕೋಪವಿಲ್ಲ. ನೋಡಿದ್ದು ಕಡಿಮೆ ಎಂಬುದು ತಪ್ಪೇ ಅಲ್ಲ, ಯಾರು ತಾನೇ ಒಂದು ಊರನ್ನು ಪೂರ್ತಿ ನೋಡಿದ್ದಾರೆ? ಕಡಿಮೆ ನೋಡಿ ಮಾತು ಮುಗಿಸುವುದು ಬೇರೆ. ಮುಗಿಸಿದ ಮಾತು ಫೋಟೊದ ಕೆಳಗಿದ್ದರೆ ನಷ್ಟವಿಲ್ಲ, ಅದೇ ಮಾತು ಸರಕಾರಿ ಕಡತಕ್ಕೆ ಹೋದರೆ ಕಣಿವೆಯೇ ಹೋಗುತ್ತದೆ. ರೋಂಡಾದ ಬಗ್ಗೆ ಯಾರಾದರೂ ಕೇಳಿದರೆ ನಾನು ಆ ಸೇತುವೆ, ಆ ಮುದುಕರು, ಕಿತ್ತಳೆ ಹಣ್ಣಿನ ಒಂದು ಅಂಗಡಿ, ಇಷ್ಟನ್ನೇ ಹೇಳುತ್ತೇನೆ. ಊರು ಹೇಗಿದೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಸಹಸ್ರಲಿಂಗಕ್ಕೆ ಆಷಾಢದಲ್ಲಿ ಬಂದವರಿಗೆ ಶಾಲ್ಮಲೆಯ ಕೆಂಪು ನೀರು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಸೋದೆಯ ಅರಸ ಸದಾಶಿವರಾಯ ಕೆತ್ತಿಸಿದ ಎನ್ನುವ ಲಿಂಗಗಳೆಲ್ಲ ನೀರಿನಡಿ ಇರುತ್ತವೆ. ಅಷ್ಟು ದೂರದಿಂದ ಬಂದದ್ದು ದಂಡವಾಯಿತು ಎಂದು ಅವರು ಗೊಣಗುತ್ತಾರೆ. ಅಲ್ಲಿ ಇರುವವರು ಯಾರಾದರೂ ಸಮಾಧಾನ ಹೇಳುತ್ತಾರೆ: 'ಶಿವರಾತ್ರಿ ಹೊತ್ತಿಗೆ ಬನ್ನಿ.'